ಹೆಸರಿಗೊಂದು, ತಟ್ಟೆಗೊಂದು

“ಈ ಮಕಾವ್‌ನಲ್ಲಿ ತಿಂಡಿಯ ಹೆಸರನ್ನು ನಂಬಿದವನು ಕೆಟ್ಟ” ಎಂದು ಶೆಟ್ಟರು ತೀರ್ಪು ಕೊಟ್ಟರು. ಚೀನಾದ ದಕ್ಷಿಣ ಕರಾವಳಿಯ ಈ ಊರಿನಲ್ಲಿ ನಾವೈವರೂ ಸಂತ ಪೌಲರ ಇಗರ್ಜಿಯ ಮೆಟ್ಟಿಲುಗಳ ಮೇಲೆ ಕಾಲು ಚಾಚಿ ಕುಳಿತಿದ್ದೆವು. ಇಗರ್ಜಿ ಎನ್ನುವುದೂ ಮರ್ಯಾದೆಗೆ. 1835ರಲ್ಲಿ ಬಿರುಗಾಳಿಯ ನಡುವೆ ಹೊತ್ತಿಕೊಂಡ ಬೆಂಕಿಗೆ ಹಿಂದಿನದೆಲ್ಲ ಬೂದಿಯಾಗಿ, ಮುಂದಿನ ಕಲ್ಲಿನ ಗೋಡೆಯೊಂದೇ ನಿಂತಿದೆ.

“ಒಳಗೆ ಹೋಗಿದ್ದಿರಾ ರಾಯರೇ?”

“ಹೋದೆ. ಬಾಗಿಲು ದಾಟಿದರೆ ಮತ್ತೆ ಹೊರಗೇ ಇದ್ದೆ. ದುಡ್ಡು ಕೇಳಲಿಲ್ಲ, ಅದೊಂದು ನ್ಯಾಯ.” ರಾಯರು ಬ್ಯಾಂಕಿನಿಂದ ನಿವೃತ್ತರಾದರೂ ಲೆಕ್ಕದಿಂದ ಆಗಿಲ್ಲ.

ಗೋಡೆಯ ಮೇಲಿನ ಏಳು ಹೆಡೆಯ ಸರ್ಪವನ್ನು ಕಂಡ ಶೆಟ್ಟರು ಕೈ ಮುಗಿದರು. “ನೋಡಿ, ಇಲ್ಲಿಗೂ ಬಂದಿದ್ದಾನೆ ನಮ್ಮ ಸುಬ್ರಹ್ಮಣ್ಯ!”

“ಅದು ಪಾಪದ ಸರ್ಪ ಶೆಟ್ಟರೇ, ಮೇರಿಯಮ್ಮ ಅದನ್ನು ತುಳಿಯುತ್ತಿದ್ದಾಳೆ” ಎಂದರು ಮೇಷ್ಟ್ರು. ಮುಗಿದ ಕೈಯನ್ನು ಶೆಟ್ಟರು ತಲೆ ಕೆರೆಯುವುದಕ್ಕೆ ವರ್ಗಾಯಿಸಿದರು. ಜಪಾನಿನಿಂದ ಓಡಿಬಂದ ಕ್ರೈಸ್ತ ಕುಶಲಕರ್ಮಿಗಳೂ ಇಲ್ಲಿಯ ಚೀನೀ ಕಲ್ಲುಕುಟಿಗರೂ ಸೇರಿ 17ನೇ ಶತಮಾನದಲ್ಲಿ ಕೆತ್ತಿದ ಗೋಡೆ ಅದು. ಸಂತರ ಪಕ್ಕದಲ್ಲಿ ಚೀನೀ ಅಕ್ಷರ, ಅದರಾಚೆ ಚೀನೀ ಸಿಂಹ. ನನಗೆ ಊರಲ್ಲೆಲ್ಲ ಹಿಡಿಸಿದ್ದು ಅದೇ.

“ಪೋರ್ಚುಗೀಸರು 1557ರಲ್ಲಿ ಇಲ್ಲಿ ನೆಲೆಯೂರಿದರು, 1999ರ ಡಿಸೆಂಬರ್ 20ರಂದು ಚೀನಾಕ್ಕೆ ಒಪ್ಪಿಸಿ ಹೊರಟರು” ಎಂದು ಮೇಷ್ಟ್ರು ಮುಂದುವರಿದರು.

“ಬಾಡಿಗೆ ಕೊಡುತ್ತಿದ್ದರೇ?” ರಾಯರ ಕಿವಿ ನೆಟ್ಟಗಾಯಿತು.

“ವರ್ಷಕ್ಕೆ 500 ಟೇಲ್ ಬೆಳ್ಳಿ, ಟೇಲ್ ಅಂದರೆ ಚೀನೀಯರ ಒಂದು ತೂಕ. 19ನೇ ಶತಮಾನದ ನಡುವೆ ನಿಲ್ಲಿಸಿಬಿಟ್ಟರು.”

“ಬಾಡಿಗೆ ನಿಲ್ಲಿಸಿ ಒಂದೂವರೆ ಶತಮಾನ ಕುಳಿತರೇ? ಇಂಥವರು ಬಸವನಗುಡಿಯಲ್ಲೂ ಇದ್ದಾರೆ.”

ಶೆಟ್ಟರಿಗೆ ಚರಿತ್ರೆ ಬೇಡ, ಕೋಳಿ ಬೇಕು. ಮಧ್ಯಾಹ್ನ ಅವರು ‘ಆಫ್ರಿಕನ್ ಚಿಕನ್’ ತರಿಸಿದ್ದರು. ಮೆಣಸಿನಕಾಯಿ, ತೆಂಗಿನಕಾಯಿ, ಕಡಲೆಕಾಯಿ ಸೇರಿದ ಗಾಢವಾದ ಮಸಾಲೆ. ತಟ್ಟೆಯನ್ನು ತೊಳೆಯಬೇಕಿಲ್ಲದಂತೆ ಮಾಡಿ ಹಿಂದಿರುಗಿಸಿದ್ದರು. ಅದು ಆಫ್ರಿಕಾದ್ದಲ್ಲ, ಮಕಾವ್‌ನ ಅಡುಗೆಮನೆಯಲ್ಲೇ ಹುಟ್ಟಿದ್ದು ಎಂದು ಆಮೇಲೆ ತಿಳಿಯಿತು. ನಾನು ತಿಂದ ‘ಪೋರ್ಚುಗೀಸ್ ಚಿಕನ್’ದೂ ಅದೇ ಕಥೆ. ತೆಂಗಿನ ಹಾಲು, ಅರಿಸಿನ, ಆಲೂಗಡ್ಡೆ, ಮೇಲೆ ಆಲಿವ್ ಕಾಯಿ. ಪೋರ್ಚುಗಲ್‌ನವರೇ ಬಂದು ತಿಂದರೂ ತಮ್ಮದೆಂದು ಗುರುತಿಸಲಾರರು.

“ಕಣ್ಣು ಮುಚ್ಚಿದರೆ ನಮ್ಮ ಮಂಗಳೂರು. ಖಾರ ಮಾತ್ರ ಮರೆತಿದ್ದಾರೆ” ಎಂದರು ಶೆಟ್ಟರು.

“ಆಶ್ಚರ್ಯವೇನು? ಲಿಸ್ಬನ್‌ನಿಂದ ಹೊರಟ ಹಡಗು ಮೊಜಾಂಬಿಕ್, ಗೋವಾ, ಮಲಕ್ಕಾ ಮುಟ್ಟಿಯೇ ಇಲ್ಲಿಗೆ ಬರಬೇಕಿತ್ತು. 1844ರವರೆಗೆ ಮಕಾವ್ ಇದ್ದದ್ದೇ ಗೋವಾದ ಆಡಳಿತದಲ್ಲಿ” ಎಂದರು ಮೇಷ್ಟ್ರು.

“ಅಂದರೆ ಹೆಡ್ ಆಫೀಸು ನಮ್ಮ ಕಾರವಾರದ ಪಕ್ಕದಲ್ಲಿ, ಇದು ಬ್ರಾಂಚು” ಎಂದು ರಾಯರು ಸಮಾಧಾನಪಟ್ಟರು.

ಸಸ್ಯಾಹಾರಿ ರಾಯರ ಪಾಡು ಹೇಳತೀರದು. ‘ಮಿಂಚಿ’ ಎಂದು ಬಂದ ತಟ್ಟೆಯಲ್ಲಿ ಹುರಿದ ಆಲೂಗಡ್ಡೆಯ ಚೂರುಗಳನ್ನು ಕಂಡು ಹಿಗ್ಗಿದರು. ಜೊತೆಗಿದ್ದದ್ದು ಕೊಚ್ಚಿದ ಮಾಂಸ, ಮೇಲೆ ಮೊಟ್ಟೆ. ಹಂದಿಮಾಂಸದ ಬನ್ನು ಮಾರುವಲ್ಲಿ, ಒಳಗಿನದು ಬೇಡ, ಬನ್ನು ಮಾತ್ರ ಸಾಕು ಎಂದು ಕೈಸನ್ನೆ ಮಾಡಿದರು. ಅಂಗಡಿಯಾಕೆ ಏನು ತಿಳಿದುಕೊಂಡಳೋ, ಕರುಣೆಯಿಂದ ಇನ್ನೊಂದು ತುಂಡು ಸೇರಿಸಿಕೊಟ್ಟಳು. ಅದು ಶೆಟ್ಟರ ಪಾಲಾಯಿತು.

ರಾಯರು ಬದುಕಿದ್ದು ಬಾದಾಮಿ ಬಿಸ್ಕತ್ತಿನಿಂದ. ಇಗರ್ಜಿಯ ಕೆಳಗಿನ ಬೀದಿಯುದ್ದಕ್ಕೂ ಅಂಗಡಿಯವರು ಕರೆದು ಕರೆದು ರುಚಿ ನೋಡಲು ಕೊಡುತ್ತಾರೆ. ರಾಯರು ಎಡಸಾಲನ್ನು ಮುಗಿಸಿ ಬಲಸಾಲಿಗೆ ದಾಟಿದ್ದರು.

“ಹೆಸರಿಗಷ್ಟೇ ಬಾದಾಮಿ. ಒಳಗೆ ಹೆಚ್ಚಿನದು ಹೆಸರುಬೇಳೆಯ ಹಿಟ್ಟು” ಎಂದರು ಡಾಕ್ಟರಮ್ಮ.

“ಒಳ್ಳೆಯದೇ, ತಂಪು.”

“ಕೆಲವಕ್ಕೆ ಹಂದಿಯ ಕೊಬ್ಬನ್ನೂ ಹಾಕುತ್ತಾರೆ.”

ರಾಯರ ದವಡೆ ನಿಂತಿತು. “ಕೆಲವಕ್ಕೆ ತಾನೇ?” ಎಂದು ಕೇಳಿಕೊಂಡು ಮತ್ತೆ ಚಲಿಸಿತು.

ಆದರೆ ಇಷ್ಟು ದೂರ ಬಂದು ಎಗ್ ಟಾರ್ಟ್ ತಿನ್ನದಿದ್ದರೆ ಬಂದದ್ದೇ ದಂಡ. ಕೊಲೊವಾನ್ ಎಂಬ ತಣ್ಣನೆಯ ಹಳ್ಳಿಯ ಬೇಕರಿಯ ಮುಂದೆ ಬೆಳಿಗ್ಗೆಯೇ ಸಾಲು ನಿಂತಿದ್ದೆವು. ಪದರ ಪದರವಾಗಿ ಉದುರುವ ಗರಿಗರಿ ಬಟ್ಟಲು, ಒಳಗೆ ನಡುಗುವ ಹಳದಿ ಕೆನೆ, ಮೇಲೆ ಅಲ್ಲಲ್ಲಿ ಸಕ್ಕರೆ ಸುಟ್ಟ ಕಪ್ಪು ಕಲೆ. ಬಿಸಿಯಿರುವಾಗಲೇ ತಿನ್ನಬೇಕು, ಫೋಟೋ ತೆಗೆಯುತ್ತ ನಿಂತವರ ಮೇಲೆ ನನಗೆ ಕನಿಕರವಿದೆ.

“ಮೊಟ್ಟೆ ಇದೆ ರಾಯರೇ.”

“ಕಾಣಿಸುತ್ತಿಲ್ಲವಲ್ಲ.”

ಇದೂ ಪಕ್ಕಾ ಪೋರ್ಚುಗೀಸ್ ಅಲ್ಲ. ಲಿಸ್ಬನ್‌ನ ಟಾರ್ಟನ್ನು ತನ್ನ ರೀತಿಗೆ ತಿರುಗಿಸಿ 1989ರಲ್ಲಿ ಇಲ್ಲಿ ಮಾರತೊಡಗಿದವನು ಆಂಡ್ರ್ಯೂ ಸ್ಟೋ ಎಂಬ ಇಂಗ್ಲಿಷಿನವನು. ಮೂಲ ಕಸುಬು ಔಷಧ ತಯಾರಿಕೆ. ಮೇಷ್ಟ್ರು ಇದನ್ನು ಹೇಳಿ ಮುಗಿಸುವ ಮೊದಲೇ ರಾಯರು ಡಾಕ್ಟರಮ್ಮನ ಕಡೆ ತಿರುಗಿದ್ದರು: “ಔಷಧದವನದು ಎಂದ ಮೇಲೆ ಮುಗಿಯಿತು. ದಿನಕ್ಕೆ ಮೂರು ಸಲ, ಊಟದ ನಂತರ. ಬರೆದುಕೊಡಿ.”

ಸಂಜೆ ಕೋಟಾಯ್‌ಗೆ ಹೋದೆವು. ಸಮುದ್ರ ತುಂಬಿಸಿ ಮಾಡಿದ ನೆಲ ಅದು. ಕಟ್ಟಡದೊಳಗೆ ವೆನಿಸ್ ನಗರ, ಚಾವಣಿಗೆ ಬಣ್ಣ ಬಳಿದ ಆಕಾಶ, ಕಾಲುವೆಯಲ್ಲಿ ಹಾಡುತ್ತ ದೋಣಿ ನಡೆಸುವವರು. ಹೊರಗೆ ಅರ್ಧ ಎತ್ತರದ ಐಫೆಲ್ ಗೋಪುರ. “ಅರ್ಧ ಗೋಪುರಕ್ಕೆ ಅರ್ಧ ಟಿಕೆಟ್ಟೇ?” ಎಂದು ಯಾರು ಕೇಳಿದರೆಂದು ಹೇಳಬೇಕಿಲ್ಲ. ಜೂಜಿನ ಆದಾಯದಲ್ಲಿ ಈ ಊರು 2006ರಲ್ಲೇ ಲಾಸ್ ವೇಗಾಸ್ ಅನ್ನು ಹಿಂದೆ ಹಾಕಿದೆಯಂತೆ. ಮೇಜುಗಳ ನಡುವೆ ಒಂದು ಸುತ್ತು ಹಾಕಿದ ರಾಯರು, “ಇಷ್ಟು ದುಡ್ಡು, ಒಂದಕ್ಕೂ ರಸೀದಿಯಿಲ್ಲ” ಎಂದು ಬೆವರೊರೆಸಿಕೊಂಡರು.

ಹೊರಗೆ ಬಂದಾಗ ಅವರಿಗೆ ನಿಜವಾಗಿಯೂ ಹಸಿವಾಗಿತ್ತು. “ಇನ್ನು ಬಿಸ್ಕತ್ತು ಸಾಕು. ಹೇಗೂ ಚೀನಾದಲ್ಲಿದ್ದೇವೆ, ಒಳ್ಳೆಯ ಗೋಬಿ ಮಂಚೂರಿ ಎಲ್ಲಿ ಸಿಗುತ್ತದೆ, ನೋಡಿ” ಎಂದರು.

ಮೇಷ್ಟ್ರು ಬಾಯಿ ತೆರೆದರು, ಡಾಕ್ಟರಮ್ಮ ಅವರ ತೋಳು ಚಿವುಟಿದರು. ಶೆಟ್ಟರು ಬಹಳ ಗಂಭೀರವಾಗಿ ಮೊಬೈಲ್ ತೆಗೆದು ಹುಡುಕಿದರು.

“ಸಿಕ್ಕಿತು ರಾಯರೇ. ಒಂದು ಇಂಡಿಯನ್ ಹೋಟೆಲಿನಲ್ಲಿ ಮಾಡುತ್ತಾರಂತೆ.”

“ಛೆ, ಬೇಡ” ಎಂದರು ರಾಯರು. “ಚೀನೀ ಅಡುಗೆ ಅವರಿಗೇನು ಗೊತ್ತು!”