ಸಹಾಯ ಬೇಕು: ಚಾಕೊಲೇಟ್ ನಟ್ಸ್ ಬಾರ್ ಕತ್ತರಿಸುವಾಗ ಪದರ ಬಿಟ್ಟುಕೊಳ್ಳುತ್ತಿದೆ

ಬೇಕಿಂಗ್ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ. ತಳಕ್ಕೆ ಬೆಣ್ಣೆ ಕಲಸಿದ ಬಿಸ್ಕತ್ತಿನ ಪುಡಿ, ಅದರ ಮೇಲೆ ಚಾಕೊಲೇಟ್ ಚೂರು, ಹುರಿದ ವಾಲ್ನಟ್, ಕೊಬ್ಬರಿ ತುರಿ, ಕೊನೆಗೆ ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ. ರುಚಿಯಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಕತ್ತರಿಸುವಾಗ. ಚಾಕು ಇಳಿಸಿದ ಕೂಡಲೇ ತಳ ಪುಡಿಪುಡಿಯಾಗಿ ಟ್ರೇಯಲ್ಲೇ ಉಳಿಯುತ್ತದೆ, ಮೇಲಿನ ಪದರ ಮಾತ್ರ ಚಪ್ಪಡಿಯ ಹಾಗೆ ಎದ್ದು ಬರುತ್ತದೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಗಟ್ಟಿ, ನಡುವೆ ಇನ್ನೂ ಅಂಟಂಟು.

ಪೂರ್ತಿ ತಣ್ಣಗಾದ ಮೇಲೆಯೇ ಕತ್ತರಿಸುತ್ತೇನೆ, ಅದರಲ್ಲಿ ಆತುರ ಇಲ್ಲ. ನನ್ನ ಅನುಮಾನ ಕಂಡೆನ್ಸ್ಡ್ ಮಿಲ್ಕ್ ಮೇಲೆ. ಎಲ್ಲವನ್ನೂ ಹಿಡಿದಿಡುವುದು ಅದೇ ಅಲ್ವಾ? ಮೇಲಿಂದ ಸುರಿದರೆ ತಳದವರೆಗೆ ಇಳಿಯುತ್ತದೋ ಇಲ್ಲವೋ. ಮೊದಲು ಬಿಸ್ಕತ್ತಿನ ಮೇಲೆಯೇ ಸುರಿದು, ಆಮೇಲೆ ನಟ್ಸ್ ಒತ್ತುವುದು ಒಳ್ಳೆಯದಾ? ತಳವನ್ನು ಮಾತ್ರ ಮೊದಲು 10 ನಿಮಿಷ ಬೇಯಿಸಿದರೆ ಗಟ್ಟಿಯಾಗಿ ನಿಲ್ಲುತ್ತದಾ? ಈಗ 200 ಗ್ರಾಂ ಪುಡಿಗೆ 80 ಗ್ರಾಂ ಬೆಣ್ಣೆ ಹಾಕುತ್ತಿದ್ದೇನೆ. ಜಾಸ್ತಿ ಮಾಡಿದರೆ ಜಿಡ್ಡಾಗುತ್ತದೆ ಅನ್ನುವ ಭಯ. ಅಂದಹಾಗೆ ನನ್ನದು ಗಾಜಿನ ಟ್ರೇ. ಅಂಚು ಗಟ್ಟಿಯಾಗುವುದಕ್ಕೆ ಅದೇ ಕಾರಣ ಇರಬಹುದಾ?

ಸಿಹಿ ಕಡಿಮೆ ಮಾಡಿ ಅಂತ ಮಾತ್ರ ಹೇಳಬೇಡಿ! ಮಾಡಿ ಅಭ್ಯಾಸ ಇರುವವರು ಅಳತೆ ಸಮೇತ ತಿಳಿಸಿದರೆ ತುಂಬಾ ಉಪಕಾರ.