ಆನೆಕಿವಿ ಗಿಡ ಮನೆ ಅಂಗಳದಲ್ಲಿ ಬರುತ್ತಾ? ಬೆಳೆಸಿದವರು ಹೇಳಿ

ಪ್ರಶ್ನೆ (ಮೈಸೂರು): ಕಾಂಪೌಂಡ್ ಉದ್ದಕ್ಕೂ ಮೂರಡಿ ಅಗಲದ ಮಣ್ಣಿನ ಜಾಗ ಇದೆ. ಮಧ್ಯಾಹ್ನದ ಬಿಸಿಲು ಜೋರಾಗಿ ಬೀಳುತ್ತದೆ. ಅಲ್ಲಿ ಆಳೆತ್ತರದ ಆನೆಕಿವಿ ಗಿಡಗಳನ್ನು ಸಾಲಾಗಿ ಹಾಕುವ ಆಸೆ. ನರ್ಸರಿಯಿಂದ ತಂದದ್ದು ಇನ್ನೂ ಕುಂಡದಲ್ಲೇ ಇದೆ. ಎಲೆಯ ಅಂಚು ಕಂದಾಗಿ ಒಣಗುತ್ತಿದೆ, ಹೊಸ ಎಲೆ ಬಂದಾಗಲೆಲ್ಲ ಹಳೆಯದೊಂದು ಹಳದಿಯಾಗುತ್ತದೆ. ಮನೆಯಲ್ಲಿ ಚಿಕ್ಕ ಮಗು ಬೇರೆ ಇದೆ. ಏನು ಮಾಡಲಿ?

ಶಿರಸಿ ಕಡೆಯಿಂದ: ಮೊದಲು ನಿಮ್ಮದು ಯಾವ ಗಿಡ ಅಂತ ನೋಡಿಕೊಳ್ಳಿ ಮೇಡಂ. ನರ್ಸರಿಯಲ್ಲಿ ಎಲ್ಲವನ್ನೂ ಆನೆಕಿವಿ ಅಂತಲೇ ಕೊಡುತ್ತಾರೆ. ಎಲೆಯ ತುದಿ ನೆಲದ ಕಡೆ ಜೋತುಬಿದ್ದು, ದಂಟು ಎಲೆಯ ಅಂಚಿಗೆ ಸೇರದೆ ಸ್ವಲ್ಪ ಒಳಗೆ ಬೆನ್ನಿಗೆ ಅಂಟಿಕೊಂಡಿದ್ದರೆ ಅದು ಕೊಲೊಕೇಶಿಯಾ, ಅಂದರೆ ನಮ್ಮ ಕೆಸುವಿನ ಜಾತಿ. ಎಲೆ ದಪ್ಪಗಿದ್ದು, ಹೊಳೆಯುತ್ತಾ, ತುದಿ ಮೇಲಕ್ಕೆ ಎದ್ದು ನಿಂತಿದ್ದರೆ ಸಾಮಾನ್ಯವಾಗಿ ಅಲೊಕೇಶಿಯಾ. ಅದರಲ್ಲಿ ಮ್ಯಾಕ್ರೊರೈಜಾಸ್ ಅನ್ನುವುದು ಆಳೆತ್ತರ ದಾಟುತ್ತದೆ, ಎಲೆಯೇ ಸುಮಾರು ಒಂದು ಮೀಟರ್ ಉದ್ದ ಬರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಎರಡಕ್ಕೂ ನೀರಿನ ಲೆಕ್ಕವೇ ಬೇರೆ. ಕೆಸು ಬಚ್ಚಲ ನೀರು ಹರಿಯುವ ಕೆಸರಲ್ಲೂ ಹಾಯಾಗಿರುತ್ತದೆ. ಅಲೊಕೇಶಿಯಾಕ್ಕೆ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು, ಗಡ್ಡೆ ಕೊಳೆಯುತ್ತದೆ. ಒಂದೇ ಸಲಹೆ ಕೇಳಿ ಎರಡಕ್ಕೂ ನೀರು ಸುರಿದರೆ ಒಂದು ಹೋಗುವುದು ಗ್ಯಾರಂಟಿ.

ಹಳದಿ ಎಲೆಗೆ ಹೆದರಬೇಡಿ. ಹೊಸದು ಬಂದಾಗ ತೀರಾ ಕೆಳಗಿನ ಹಳೆಯ ಎಲೆಯೊಂದೇ ಹಳದಿಯಾದರೆ ಅದು ಗಿಡದ ಸ್ವಭಾವ. ಒಟ್ಟಿಗೆ ಎರಡು ಮೂರು ಎಲೆ ಹಳದಿಯಾಗಿ, ಬುಡ ಒತ್ತಿದರೆ ಮೆತ್ತಗಿದ್ದರೆ ಮಾತ್ರ ನೀರು ನಿಲ್ಲಿಸಿ, ಮಣ್ಣಿಂದ ತೆಗೆದು, ಕೊಳೆತ ಭಾಗ ಕತ್ತರಿಸಿ. ಇನ್ನೊಂದು ಮಾತು. ಬೆಳಿಗ್ಗೆ ಎಲೆಯ ತುದಿಯಲ್ಲಿ ಮುತ್ತಿನ ಹಾಗೆ ನೀರಿನ ಹನಿ ನಿಂತಿರುತ್ತದೆ, ಕೆಳಗೆ ಟೈಲ್ಸ್ ಮೇಲೂ ಬಿದ್ದಿರುತ್ತದೆ. ಅದು ರೋಗ ಅಲ್ಲ. ಬೇರು ರಾತ್ರಿ ಎಳೆದ ನೀರು ಜಾಸ್ತಿಯಾದಾಗ ಗಿಡ ಹಾಗೆ ಹೊರಗೆ ಬಿಡುತ್ತದೆ.

ಬೆಂಗಳೂರು, ಟೆರೇಸ್ ತೋಟ: ಅಂಚು ಕಂದಾಗುವುದು ಬಿಸಿಲಿಗೆ ಮತ್ತು ಒಣಗಾಳಿಗೆ. ನರ್ಸರಿಯಲ್ಲಿ ಹಸಿರು ನೆಟ್ ಕೆಳಗೆ ಬೆಳೆದ ಗಿಡ ಅದು, ತಂದ ದಿನವೇ ಬಿಸಿಲಿಗಿಟ್ಟರೆ ಸುಡುತ್ತದೆ. ಬೆಳಗಿನ ಬಿಸಿಲು ಕೊಟ್ಟು ಮಧ್ಯಾಹ್ನ ನೆರಳು ಮಾಡಿ.

ಮಾರ್ಚ್-ಏಪ್ರಿಲ್‌ನಲ್ಲಿ ಎಲೆಯ ಅಡಿಭಾಗ ತಿರುಗಿಸಿ ನೋಡ್ತಾ ಇರಿ. ಸಣ್ಣ ಸಣ್ಣ ಚುಕ್ಕೆ, ತೆಳು ಬಲೆ ಕಂಡರೆ ನುಸಿ ಬಂದಿದೆ ಅಂತ ಅರ್ಥ. ಮೊದಲು ಪೈಪಿನಲ್ಲಿ ನೀರು ಹಾಯಿಸಿ ಅಡಿಭಾಗ ತೊಳೆಯಿರಿ, ಆಮೇಲೆ ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿ. ಚಳಿಗಾಲದಲ್ಲಿ ಗಿಡ ಸುಮ್ನೆ ನಿಂತುಬಿಡುತ್ತದೆ, ಆಗ ಗೊಬ್ಬರ ಬೇಡ, ನೀರೂ ಕಮ್ಮಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ಬಿಡಬೇಡಿ. ಡೆಂಗಿ ಸೊಳ್ಳೆಗೆ ಅಷ್ಟು ಸಾಕು.

ಪುತ್ತೂರಿನಿಂದ: ಮಗು ಇದೆ ಅಂದ್ರಲ್ಲಾ, ಅದಕ್ಕೆ ಹೇಳುತ್ತಿದ್ದೇನೆ. ಈ ಜಾತಿಯ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು ಇರುತ್ತದೆ. ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಪತ್ರೊಡೆಗೆ ನಾವು ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಈ ತುರಿಕೆಗೇ ಅಲ್ವಾ? ಮಳೆಗಾಲದಲ್ಲಿ ಮರದ ಮೇಲೆ ಬರುವ ಮರಕೆಸುವಿಗೂ ಹುಳಿ ಬೇಕೇ ಬೇಕು. ಆದರೆ ನರ್ಸರಿಯ ಅಲಂಕಾರದ ಗಿಡವನ್ನು ಯಾರೂ ಪತ್ರೊಡೆಗೆ ತರಬೇಡಿ, ಎಲೆ ಎಷ್ಟೇ ಚೆಂದ ಇರಲಿ. ಕತ್ತರಿಸುವಾಗ ಕೈಗವಸು ಹಾಕಿ. ರಸ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಮಗು ಕಚ್ಚಿದರೆ ಬಾಯಿ ಒರೆಸಿ, ತಣ್ಣೀರು ಕುಡಿಸಿ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಈಗ ನೋಡಿದೆ, ತುದಿ ಮೇಲಕ್ಕೇ ಇದೆ. ಅಂದರೆ ಅಲೊಕೇಶಿಯಾ. ಹಾಗಾದರೆ ಆ ಜಾಗದಲ್ಲಿ ಹಾಕಲೋ ಬೇಡವೋ?

ಶಿರಸಿ ಕಡೆಯಿಂದ: ಹಾಕಿ, ಆದರೆ ಸಾಲಾಗಿ ಬೇಡ. ಮೂರಡಿಯಲ್ಲಿ ಎಲೆಗಳು ಗೋಡೆಗೆ ಉಜ್ಜಿ ಹರಿದು ಚಿಂದಿಯಾಗುತ್ತವೆ. ಮೂಲೆಯಲ್ಲಿ ಒಂದೇ ಗಿಡ ಇರಲಿ. ಅದರ ಪಶ್ಚಿಮಕ್ಕೆ ಒಂದು ಬಾಳೆ ನೆಡಿ. ಬಾಳೆಗೂ ಇದಕ್ಕೂ ಊಟ ಒಂದೇ, ಕಳಿತ ಸಗಣಿ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ, ಬುಡಕ್ಕೆ ಒಣಗಿದ ಎಲೆಯ ಮುಚ್ಚಿಗೆ. ಮಧ್ಯಾಹ್ನದ ನೆರಳೂ ಸಿಗುತ್ತದೆ. ಜಾಗ ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರ ಮಾಡಿ, ಮಣ್ಣಿಗೆ ಮರಳು ಬೆರೆಸಿ. ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಮೇಲೆ ನೆಡಿ. ಮಗು ದೊಡ್ಡದಾಗುವವರೆಗೆ ಸುತ್ತ ಒಂದು ಜಾಲರಿ ಕಟ್ಟಿಬಿಡಿ.