ಅಜ್ಜನ ಡಿಕ್ಲರೇಶನ್ ಜಾಗ, ಮಗಳ ನಾಲ್ಕನೇ ತರಗತಿ

ಮಕ್ಕಳನ್ನು ಜರ್ಮನಿಯಲ್ಲೇ ಬೆಳೆಸುವುದೋ, ಊರಿಗೆ ಮರಳುವುದೋ ಎಂಬ ನಮ್ಮ ಗುಂಪಿನ ಚರ್ಚೆ ಪ್ರತಿ ಸಲವೂ ಸಂಬಳದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ನೋಡಬೇಕಾದದ್ದು ಆಸ್ತಿಯ ಲೆಕ್ಕವನ್ನು ಎಂದು ನನಗೆ ಹೊಳೆದದ್ದು, ಈ ರಜೆಯಲ್ಲಿ ಬ್ರಹ್ಮಾವರದ ಮನೆಯ ಟ್ರಂಕಿನಿಂದ ಅಜ್ಜನ ಕಾಗದಪತ್ರಗಳನ್ನು ಹೊರತೆಗೆದಾಗ. ಒಕ್ಕಲಾಗಿದ್ದ ಅವರು ವರ್ಷಕ್ಕೆ ಇಷ್ಟು ಮುಡಿ ಅಕ್ಕಿಯೆಂದು ಧಣಿಗಳ ಮನೆಗೆ ಗೇಣಿ ಅಳೆಯುತ್ತಿದ್ದರು. 1974ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ 7ನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟರು, ಅಂದರೆ ಉಳುತ್ತಿದ್ದ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿ. ಒಂದೂಕಾಲು ಎಕರೆ ಬೈಲುಗದ್ದೆ ಅವರ ಹೆಸರಿಗಾಯಿತು. ಅದರಲ್ಲಿ ಮೂವತ್ತು ಸೆಂಟ್ಸ್ ಮಾರಿದ ಹಣದಲ್ಲಿ ನಾನು ಇಂಜಿನಿಯರಿಂಗ್ ಓದಿದೆ. ಇದನ್ನೇ ನಾನು ಮ್ಯೂನಿಕ್‌ನಲ್ಲಿ ಇಷ್ಟು ವರ್ಷ ಸ್ವಂತ ಪರಿಶ್ರಮವೆಂದು ಹೇಳಿಕೊಂಡು ಬಂದಿದ್ದೇನೆ. (ಗದ್ದೆ ಕಳೆದುಕೊಂಡ ಧಣಿಗಳ ಮನೆಯವರ ಕತೆ ಬೇರೆಯೇ ಇದೆ.)

ಕಡಿಮೆ ಆದಾಯದ ಕುಟುಂಬವೊಂದರ ಸಂತತಿ ದೇಶದ ಸರಾಸರಿ ಆದಾಯ ಮುಟ್ಟಲು ಭಾರತದಲ್ಲಿ 7 ತಲೆಮಾರು, ಜರ್ಮನಿಯಲ್ಲಿ 6, ಡೆನ್ಮಾರ್ಕಿನಲ್ಲಿ 2 ಬೇಕಾಗಬಹುದೆಂದು ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ 2018ರಲ್ಲಿ ಅಂದಾಜಿಸಿತ್ತು. ಒಂದು ತಲೆಮಾರಿನ ಲಾಭಕ್ಕೆ ಕಡಲು ದಾಟಿದೆವೇ ಎಂದು ಅಣ್ಣ ನಕ್ಕ. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಡಿಗೆ ಮನೆಯಲ್ಲಿರುತ್ತಾರೆ. ಸರ್ಕಾರಿ ಪಿಂಚಣಿಯ ಭರವಸೆ ಇರುವುದರಿಂದ ಕೂಡಿಡುವ ತುರ್ತೂ ಕಡಿಮೆ. ಆದರೆ ಮನೆ, ಕಾರ್ಖಾನೆ ಉಳ್ಳವರ ಆಸ್ತಿ ಮಕ್ಕಳಿಗೇ ಇಳಿಯುತ್ತದೆ, ತಂದೆಯಿಂದ 4 ಲಕ್ಷ, ತಾಯಿಯಿಂದ 4 ಲಕ್ಷ ಯೂರೋವರೆಗೆ ತೆರಿಗೆಯೇ ಇಲ್ಲದೆ. ಅಲ್ಲಿ ಸಂಪತ್ತಿನ ತೆರಿಗೆಯ ವಸೂಲಿ 1997ರಿಂದ ನಿಂತಿದೆ. ಇಲ್ಲಿ ಭಾರತದಲ್ಲಿ, ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆಯಾದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಶಾಲೆ. ಬವೇರಿಯಾದಲ್ಲಿ ನಾಲ್ಕನೇ ತರಗತಿಯ ಮಗುವಿನ ಜರ್ಮನ್, ಗಣಿತ ಮತ್ತು ಪರಿಸರ ಪಾಠದ ಸರಾಸರಿ 2.33ರೊಳಗೆ ಬಂದರೆ, ವಿಶ್ವವಿದ್ಯಾಲಯಕ್ಕೆ ಸಜ್ಜುಗೊಳಿಸುವ ಪ್ರೌಢಶಾಲೆಯಾದ ಗಿಮ್ನಾಸಿಯಂಗೆ ನೇರ ದಾರಿ. ಅಲ್ಲಿ ಅಂಕ ಕಡಿಮೆಯಾದಷ್ಟೂ ಉತ್ತಮ. ವಿಶ್ವವಿದ್ಯಾಲಯದ ಶುಲ್ಕ ಹೆಸರಿಗಷ್ಟೇ ಇದ್ದರೂ, ಆ ಬಾಗಿಲಿನವರೆಗಿನ ದಾರಿ ಹತ್ತನೇ ವಯಸ್ಸಿಗೇ ಕವಲೊಡೆಯುತ್ತದೆ. ಮಗಳ ಜರ್ಮನ್ ಪ್ರಬಂಧ ತಿದ್ದಲು ನೆರೆಮನೆಯ ಡಾಕ್ಟರ್ ದಂಪತಿಗೆ ಹತ್ತು ನಿಮಿಷ ಸಾಕು, ನನಗೆ ನಿಘಂಟು ಬೇಕು.

ಸದ್ಯಕ್ಕೆ ನಾವು ಅಲ್ಲೇ ಇರುವವರು. ಉಳಿದ ತೊಂಬತ್ತೈದು ಸೆಂಟ್ಸ್ ಮಾರಿ ಮಣಿಪಾಲದಲ್ಲಿ ಫ್ಲಾಟ್ ಕೊಳ್ಳೋಣವೆಂಬ ಅಣ್ಣನ ಮಾತಿಗೆ ಮಾತ್ರ ನಾನು ಒಪ್ಪಲಿಲ್ಲ. ಮಗಳು ಜರ್ಮನ್ ಪೌರಳಾದರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸುದಾರಳಾಗಿ ಮಾತ್ರ ಅದು ಅವಳ ಕೈಸೇರಬಹುದು.